ಟಿಕೆಟ್ ಯಾರಿಗೆ ಅಂತ ಹೇಳೋರು ಯಾರು? ಮಿಷಿಗನ್ ಪ್ರೈಮರಿ ಮತ್ತು ನಮ್ಮ ನಾಲ್ಕು ತಾಲೂಕು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಹೋದ ಸಂಚಿಕೆ ಆದಮೇಲೆ ಸವದತ್ತಿ ಕಡೆಯಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. "ಅಣ್ಣಾ, ಅಮೆರಿಕಾದಾಗ ಒಂದೇ ಎಲೆಕ್ಷನ್‌ಗೆ ಎರಡು ಸಲ ವೋಟ್ ಹಾಕ್ತಾರಲ್ಲ, ಯಾಕ? ಮೊದಲನೇದಕ್ಕ ಪ್ರೈಮರಿ ಅಂತಾರ. ಪ್ರೈಮರಿ ಅಂದ್ರ ನಮಗ ಸಾಲಿನೇ ನೆನಪಾಗ್ತೈತಿ." ನಕ್ಕೆ. ಆದರೆ ಪ್ರಶ್ನೆ ಚೊಲೋ ಐತಿ. ಯಾಕಂದ್ರೆ ಇದಕ್ಕೆ ಉತ್ತರ ಹೇಳ್ತಾ ಹೋದರೆ ಅದು ವಾಷಿಂಗ್ಟನ್‌ನಲ್ಲಿ ನಿಲ್ಲೋದಿಲ್ಲ, ನೇರ ಬೈಲಹೊಂಗಲಕ್ಕೆ ಬಂದು ನಿಲ್ತದೆ. ಹೆಂಗೆ ಅಂತ ನೋಡೋಣ.

ಮೊದಲು ಒಂದು ಮಾತು. ಅಮೆರಿಕದಲ್ಲಿ 50 ರಾಜ್ಯ, ಪ್ರೈಮರಿ ನಡೆಸುವ ಕಾನೂನು ಒಂದೊಂದು ರಾಜ್ಯಕ್ಕೆ ಒಂದೊಂದು. ಎಲ್ಲವನ್ನೂ ಹೇಳಲು ಹೋದರೆ ನಿಮ್ಮ ಡೇಟಾ ಮುಗಿದರೂ ಸಂಚಿಕೆ ಮುಗಿಯೋದಿಲ್ಲ. ಹಾಗಾಗಿ ನಾನು ಒಂದೇ ರಾಜ್ಯ ಹಿಡಿದಿದ್ದೇನೆ: ಮಿಷಿಗನ್. ದೊಡ್ಡ ದೊಡ್ಡ ಸರೋವರಗಳ ನಡುವಿನ ರಾಜ್ಯ, ಕಾರ್ ಕಾರ್ಖಾನೆಗಳ ಡೆಟ್ರಾಯ್ಟ್ ಇರೋದು ಅಲ್ಲೇ. ಜನಸಂಖ್ಯೆ ಸುಮಾರು 1 ಕೋಟಿ. ನಮ್ಮ ಬೆಳಗಾವಿ ಜಿಲ್ಲೆಯದು 2011ರ ಜನಗಣತಿಯಲ್ಲಿ 47 ಲಕ್ಷ ದಾಟಿತ್ತು. ಅಂದರೆ ನಮ್ಮಂಥ ಎರಡು ಜಿಲ್ಲೆ ಕೂಡಿಸಿದರೆ ಒಂದು ಮಿಷಿಗನ್. ಅದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ: ನಮ್ಮ ಜಿಲ್ಲೆಯ ಚಿಕ್ಕೋಡಿಯಲ್ಲಿ ಹುಟ್ಟಿದ ಒಬ್ಬರು ಅಲ್ಲಿನ ಪ್ರೈಮರಿಗೆ ನಿಂತು ಸೋತು, ಮತ್ತೆ ನಿಂತು ಗೆದ್ದು, ಈಗ ಅಮೆರಿಕದ ಸಂಸತ್ತಿನ ತನಕ ಹೋಗಿದ್ದಾರೆ. ಅವರ ಕಥೆಗೆ ಬರ್ತೀನಿ, ಸ್ವಲ್ಪ ತಡೀರಿ.

ಪ್ರೈಮರಿ ಅಂದರೆ ಏನು? ಸರಳವಾಗಿ ಹೇಳ್ತೀನಿ. ನಮ್ಮಲ್ಲಿ "ಟಿಕೆಟ್ ಯಾರಿಗೆ ಸಿಕ್ತು?" ಅಂತ ಕೇಳ್ತೀವಲ್ಲ, ಆ ಟಿಕೆಟ್ ಯಾರಿಗೆ ಕೊಡಬೇಕು ಅಂತ ಊರಿನ ಮತದಾರರೇ ವೋಟ್ ಹಾಕಿ ತೀರ್ಮಾನ ಮಾಡೋದೇ ಪ್ರೈಮರಿ. ನಿಜವಾದ ಚುನಾವಣೆ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರು, ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ ಯಾರು ಅನ್ನೋದಕ್ಕೆ ಬೇರೆ ಮತದಾನ. ಇದನ್ನು ಪಕ್ಷದ ಕಚೇರಿಯಲ್ಲಿ ನಡೆಸೋದಿಲ್ಲ. ಸರ್ಕಾರಿ ವ್ಯವಸ್ಥೆಯೇ ನಡೆಸ್ತದೆ. ಅದೇ ಮತಗಟ್ಟೆ, ಅದೇ ಸಿಬ್ಬಂದಿ, ಖರ್ಚೂ ಸರ್ಕಾರದ್ದು. ಮಿಷಿಗನ್‌ನಲ್ಲಿ ಪಕ್ಷದ ಸದಸ್ಯತ್ವದ ಕಾರ್ಡು ಬೇಕಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು.

ಅಧ್ಯಕ್ಷರ ಪ್ರೈಮರಿ ದಿನ ಮತಗಟ್ಟೆಗೆ ಹೋದರೆ ಮೊದಲು ಕೇಳ್ತಾರೆ, ನಿಮಗೆ ಯಾವ ಪಕ್ಷದ ಮತಪತ್ರ ಬೇಕು? ಎರಡರಲ್ಲಿ ಒಂದನ್ನು ಬರೆದುಕೊಡಬೇಕು. ಒಳಗೆ ಯಾರಿಗೆ ಹಾಕಿದಿರಿ ಅನ್ನೋದು ಗುಟ್ಟು. ಆದರೆ ಯಾವ ಪಕ್ಷದ ಮತಪತ್ರ ತಗೊಂಡಿರಿ ಅನ್ನೋದು ದಾಖಲೆಗೆ ಹೋಗ್ತದೆ. ಇದನ್ನು ಓದುವಾಗ ನನಗೆ ನಮ್ಮ ಹಳ್ಳಿ ನೆನಪಾಯ್ತು. ಪಂಚಾಯ್ತಿ ಎಲೆಕ್ಷನ್‌ನಲ್ಲಿ ಯಾರ ಮನೆ ಕಟ್ಟೆ ಮೇಲೆ ಚಾ ಕುಡಿದ್ರಿ ಅನ್ನೋದರಿಂದಲೇ ನೀವು ಯಾರ ಕಡೆ ಅಂತ ಲೆಕ್ಕ ಹಾಕೋ ಊರು ನಮ್ಮವು. ಅಂಥಲ್ಲಿ "ನಾನು ಈ ಪಕ್ಷದ ಚೀಟಿ ತಗೊಂಡೆ" ಅಂತ ಸಹಿ ಮಾಡಿ ಬರೋದು ಅಷ್ಟು ಹಗುರದ ಮಾತಲ್ಲ. ಈ ಮಾತನ್ನ ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗ್ತದೆ.

ಇನ್ನು ಎಣಿಕೆ. ಅಧ್ಯಕ್ಷರ ಪ್ರೈಮರಿಯಲ್ಲಿ ಬಿದ್ದ ಮತ ನೇರವಾಗಿ ಅಭ್ಯರ್ಥಿಯನ್ನು ಗೆಲ್ಲಿಸೋದಿಲ್ಲ. ಆ ಮತದ ಲೆಕ್ಕದ ಮೇಲೆ ಪ್ರತಿನಿಧಿಗಳು ಹಂಚಿಕೆ ಆಗ್ತಾರೆ. ಎಲ್ಲಾ ರಾಜ್ಯದ ಪ್ರತಿನಿಧಿಗಳು ಬೇಸಿಗೆಯಲ್ಲಿ ಪಕ್ಷದ ಮಹಾ ಅಧಿವೇಶನದಲ್ಲಿ ಸೇರಿ ಅಧಿಕೃತವಾಗಿ ಒಬ್ಬರನ್ನು ಆರಿಸ್ತಾರೆ. ಡೆಮಾಕ್ರಟಿಕ್ ಪಕ್ಷದಲ್ಲಿ ಒಂದು ನಿಯಮ: ಶೇ 15ರಷ್ಟಾದರೂ ಮತ ಬಂದರೆ ಮಾತ್ರ ಪ್ರತಿನಿಧಿ ಸಿಗ್ತಾರೆ. ಈ ಲೆಕ್ಕವನ್ನು ಇಡೀ ರಾಜ್ಯಕ್ಕೆ ಒಮ್ಮೆ, ಸಂಸತ್ ಕ್ಷೇತ್ರವಾರು ಇನ್ನೊಮ್ಮೆ ಹಾಕ್ತಾರೆ.

2024ರ ಫೆಬ್ರವರಿ 27ಕ್ಕೆ ಮಿಷಿಗನ್‌ನಲ್ಲಿ ಏನಾಯ್ತು ಅಂತ ನೋಡಿದರೆ ಇದು ಥಟ್ಟನೆ ಅರ್ಥ ಆಗ್ತದೆ. ಆಗ ಅಧ್ಯಕ್ಷ ಜೋ ಬೈಡನ್ ಅವರೇ ಮತ್ತೆ ನಿಂತಿದ್ದರು. ಪಕ್ಷದೊಳಗೆ ಹೇಳಿಕೊಳ್ಳುವಂಥ ಎದುರಾಳಿ ಇರಲಿಲ್ಲ. ಆದರೆ ಗಾಜಾ ಯುದ್ಧದ ವಿಷಯದಲ್ಲಿ ಅವರ ಮೇಲೆ ಸಿಟ್ಟಿದ್ದವರು, ಮುಖ್ಯವಾಗಿ ಡಿಯರ್‌ಬಾರ್ನ್ ಊರಿನ ಅರಬ್ ಮೂಲದ ಮತದಾರರು ಮತ್ತು ಅವರ ಜೊತೆ ಸೇರಿದ ಎಳೆ ವಯಸ್ಸಿನವರು, ಒಂದು ಉಪಾಯ ಹುಡುಕಿದರು. ಮಿಷಿಗನ್ ಮತಪತ್ರದಲ್ಲಿ "ಯಾರಿಗೂ ಬದ್ಧರಲ್ಲ" ಅನ್ನೋ ಒಂದು ಆಯ್ಕೆ ಇದೆ. ಅದಕ್ಕೇ ಹಾಕಿ ಅಂತ ಮನೆ ಮನೆಗೆ ಹೋಗಿ ಹೇಳಿದರು. 1 ಲಕ್ಷಕ್ಕೂ ಹೆಚ್ಚು ಮತ ಅದಕ್ಕೆ ಬಿತ್ತು, ಅಂದರೆ ಡೆಮಾಕ್ರಟಿಕ್ ಮತದಲ್ಲಿ ಸುಮಾರು ಶೇ 13. ಬೈಡನ್‌ಗೆ ಶೇ 81ರ ಆಸುಪಾಸು. ಇಡೀ ರಾಜ್ಯದಲ್ಲಿ ಶೇ 15 ದಾಟದಿದ್ದರೂ ಕೆಲವು ಕ್ಷೇತ್ರಗಳಲ್ಲಿ ದಾಟಿತು. ಹಾಗಾಗಿ ಮಿಷಿಗನ್‌ನ 117 ಪ್ರತಿನಿಧಿಗಳಲ್ಲಿ ಇಬ್ಬರು ಆ "ಬದ್ಧರಲ್ಲ" ಪಾಲಿಗೆ ಬಂದರು.

ನಿಮಗೆ ಅನಿಸಿರಬಹುದು, ಇದು ನಮ್ಮ ನೋಟಾ ಅಲ್ಲವೇನು? ಹೌದು, ಅಲ್ಲ. ನೋಟಾ ನಮಗೆ ಸಿಕ್ಕಿದ್ದು 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ. ಆದರೆ ನೋಟಾಗೆ ಎಷ್ಟೇ ಮತ ಬಿದ್ದರೂ ವಿಧಾನಸಭೆಯಲ್ಲಿ ಅದರ ಪರ ಕೈ ಎತ್ತೋರು ಯಾರೂ ಇರೋದಿಲ್ಲ. ಮಿಷಿಗನ್‌ನ ಸಿಟ್ಟಿಗೆ ಎರಡಾದರೂ ಕುರ್ಚಿ ಸಿಕ್ಕವು. ಮತ್ತೆ ಆ ಸಿಟ್ಟು ಹೊರಬಿದ್ದದ್ದು ಚುನಾವಣೆಗೆ ಎಂಟು ತಿಂಗಳು ಮುಂಚೆ. ಪಕ್ಷಕ್ಕೆ ತಿದ್ದಿಕೊಳ್ಳಲು ಟೈಮ್ ಇತ್ತು.

ಅಂದಹಾಗೆ ಅದೇ ದಿನ ರಿಪಬ್ಲಿಕನ್ ಪ್ರೈಮರಿಯಲ್ಲಿ ಡೊನಾಲ್ಡ್ ಟ್ರಂಪ್ ಸುಮಾರು ಶೇ 68 ಮತ ಪಡೆದು ನಿಕ್ಕಿ ಹೇಲಿ ಅವರನ್ನು ಸೋಲಿಸಿದರು. ಆದರೆ ಆ ಪಕ್ಷದ ಹೆಚ್ಚಿನ ಪ್ರತಿನಿಧಿಗಳನ್ನು ಹಂಚಿದ್ದು ಪ್ರೈಮರಿ ಮತದ ಮೇಲೆ ಅಲ್ಲ, ಕೆಲವು ದಿನ ಬಿಟ್ಟು ನಡೆದ ಪಕ್ಷದ ಸಭೆಯಲ್ಲಿ. ರಾಜ್ಯ ಇಟ್ಟ ತಾರೀಖು ರಾಷ್ಟ್ರೀಯ ಪಕ್ಷದ ನಿಯಮಕ್ಕೆ ಹೊಂದಲಿಲ್ಲ ಅನ್ನೋದು ಕಾರಣ. 2008ರಲ್ಲೂ ಇದೇ ತಾರೀಖಿನ ಜಗಳ. ಮಿಷಿಗನ್ ಅವಸರ ಮಾಡಿ ಜನವರಿ 15ಕ್ಕೇ ಪ್ರೈಮರಿ ಇಟ್ಟಿತು. ಡೆಮಾಕ್ರಟಿಕ್ ಪಕ್ಷ ಸಿಟ್ಟಾಯ್ತು, ಬರಾಕ್ ಒಬಾಮ ತಮ್ಮ ಹೆಸರನ್ನೇ ಮತಪತ್ರದಿಂದ ತೆಗೆಸಿದರು, ಹಿಲರಿ ಕ್ಲಿಂಟನ್ ಹೆಸರು ಉಳಿಯಿತು. ಆಗಲೂ "ಯಾರಿಗೂ ಬದ್ಧರಲ್ಲ" ಅನ್ನೋದಕ್ಕೆ ಶೇ 40ರಷ್ಟು ಮತ! ಅಲ್ಲೂ ಹೈಕಮಾಂಡ್ ಅನ್ನೋದು ಇಲ್ಲದೇ ಇಲ್ಲ, ಅಷ್ಟು ತಿಳ್ಕೊಂಡರೆ ಸಾಕು.

ಹಾಗಾದರೆ ಈ ಪದ್ಧತಿ ಮೊದಲಿನಿಂದ ಹೀಗೇ ಇತ್ತಾ? ಇಲ್ಲ. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ ಇಳಿಯದೆ ಡೆಮಾಕ್ರಟಿಕ್ ಟಿಕೆಟ್ ಪಡೆದರು. ಹಿರಿಯ ನಾಯಕರು ಕೂತು ತೀರ್ಮಾನ ಮಾಡಿದ್ದರು. ಹೊರಗೆ ಷಿಕಾಗೋ ಬೀದಿಯಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸಿ ಹುಡುಗರು ಪೊಲೀಸರ ಲಾಠಿ ತಿಂತಿದ್ದರು. ಆ ವರ್ಷ ಪಕ್ಷ ಸೋತಿತು. ಆಮೇಲೆ ಒಂದು ಸಮಿತಿ ಮಾಡಿ ನಿಯಮ ಬದಲಿಸಿದರು. 1972ರಿಂದ ಈಚೆಗೆ ಪ್ರೈಮರಿಯದೇ ಕಾರಭಾರ. ಕೊನೇ ಕ್ಷಣದಲ್ಲಿ ಬದಲಾವಣೆ ಈಗಲೂ ಆಗ್ತದೆ: 2024ರ ಜುಲೈನಲ್ಲಿ ಬೈಡನ್ ಹಿಂದೆ ಸರಿದಾಗ, ಪ್ರೈಮರಿ ಎಲ್ಲ ಮುಗಿದಿತ್ತು, ಕಮಲಾ ಹ್ಯಾರಿಸ್ ಅವರನ್ನು ಪ್ರತಿನಿಧಿಗಳೇ ಆರಿಸಿದರು.

ಈಗ ಚಿಕ್ಕೋಡಿಯವರ ಕಥೆ.

ಶ್ರೀ ಥಾಣೇದಾರ್. ಹುಟ್ಟಿದ್ದು 1955ರಲ್ಲಿ ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ, ಮನೆಮಾತು ಮರಾಠಿ. 1979ರಲ್ಲಿ ಓದಲು ಅಮೆರಿಕಕ್ಕೆ ಹೋದವರು, ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಿ, ಆಮೇಲೆ ಪ್ರಯೋಗಾಲಯದ ವ್ಯವಹಾರದಲ್ಲಿ ದುಡ್ಡು ಮಾಡಿದರು. 2018ರಲ್ಲಿ ನೇರ ಮಿಷಿಗನ್ ಗವರ್ನರ್ ಹುದ್ದೆಗೇ ಕೈ ಹಾಕಿದರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಸ್ವಂತ ದುಡ್ಡು ಸುರಿದು, ಟಿವಿ ಜಾಹೀರಾತು ಹಾಕಿ, ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಮೂರನೇ ಸ್ಥಾನ ಬಂತು. ಗೆದ್ದವರು ಗ್ರೆಚೆನ್ ವಿಟ್ಮರ್. ಥಾಣೇದಾರ್ ಬಿಡಲಿಲ್ಲ. 2020ರಲ್ಲಿ ಡೆಟ್ರಾಯ್ಟ್‌ನಿಂದ ರಾಜ್ಯದ ಶಾಸನಸಭೆಗೆ ಗೆದ್ದರು. 2022ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತಿನ 13ನೇ ಕ್ಷೇತ್ರದ ಪ್ರೈಮರಿಗೆ ಇಳಿದರು. ಕಣದಲ್ಲಿ ಒಂಬತ್ತು ಜನ. ಅವರಿಗೆ ಬಿದ್ದದ್ದು ಶೇ 28ರ ಆಸುಪಾಸು. ಅಷ್ಟಕ್ಕೇ ಟಿಕೆಟ್ ಸಿಕ್ಕಿತು. ಆ ಕ್ಷೇತ್ರ ಡೆಮಾಕ್ರಟಿಕ್ ಪಕ್ಷದ ಭದ್ರ ಕೋಟೆ, ಹಾಗಾಗಿ ನವೆಂಬರ್‌ನ ಚುನಾವಣೆ ಬರೀ ಶಾಸ್ತ್ರಕ್ಕೆ.

ಇದರಲ್ಲಿ ಒಂದು ನೋವಿನ ಎಳೆಯೂ ಇದೆ. ಡೆಟ್ರಾಯ್ಟ್ ಆಫ್ರಿಕನ್ ಅಮೆರಿಕನ್ನರ ದೊಡ್ಡ ನಗರ. 1955ರಿಂದ ಅಲ್ಲಿಂದ ಯಾವಾಗಲೂ ಅವರಲ್ಲೊಬ್ಬರು ಸಂಸತ್ತಿನಲ್ಲಿ ಇರುತ್ತಿದ್ದರು. 2022ರಲ್ಲಿ ಆ ಸಮುದಾಯದ ಅಭ್ಯರ್ಥಿಗಳೇ ಹಲವರು ನಿಂತರು, ಮತ ಹಂಚಿ ಹೋಯಿತು, ಆ ಸರಣಿ ಕಡಿಯಿತು. ನಮ್ಮ ಜಿಲ್ಲೆಯವರು ಗೆದ್ದರು ಅಂತ ಖುಷಿ ಪಡುವಾಗ ಈ ಮಾತನ್ನೂ ಗಮನಿಸಬೇಕು.

"ಮತ ಹಂಚಿ ಹೋಯಿತು." ಈ ಮಾತು ಬೈಲಹೊಂಗಲದವರಿಗೆ ಹೊಸದೇನಲ್ಲ ಬಿಡ್ರಿ.

ಬೈಲಹೊಂಗಲದ್ದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಹೆಸರುಗಳು ತಿರುಗಿ ತಿರುಗಿ ಬರ್ತಾವೆ. 2008ರಲ್ಲಿ ಬಿಜೆಪಿಯಿಂದ ಗೆದ್ದವರು ಜಗದೀಶ ಮೆಟಗುಡ್ಡ. 2013ರಲ್ಲಿ ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ್ದರು. ಆ ಕೆಜೆಪಿಯಿಂದ ಡಾ. ವಿಶ್ವನಾಥ ಪಾಟೀಲ ಗೆದ್ದರು. ಆಮೇಲೆ ಕೆಜೆಪಿ ಬಿಜೆಪಿಯಲ್ಲಿ ಸೇರಿಕೊಂಡಿತು. ಈಗ ಒಂದೇ ಪಕ್ಷದಲ್ಲಿ ಇಬ್ಬರು ಹಕ್ಕುದಾರರು. 2018ರಲ್ಲಿ ಬಿಜೆಪಿ ಟಿಕೆಟ್ ಪಾಟೀಲರಿಗೆ ಬಂತು. ಮೆಟಗುಡ್ಡ ಬಂಡಾಯ ಎದ್ದು ಪಕ್ಷೇತರರಾಗಿ ನಿಂತರು. ಏನಾಯ್ತು? ಪಕ್ಷೇತರ ಮೆಟಗುಡ್ಡ ಎರಡನೇ ಸ್ಥಾನ, ಅಧಿಕೃತ ಬಿಜೆಪಿ ಮೂರನೇ ಸ್ಥಾನ, ಕಾಂಗ್ರೆಸ್ಸಿನ ಮಹಾಂತೇಶ ಕೌಜಲಗಿ ಸುಮಾರು ಐದು ಸಾವಿರ ಮತದ ಅಂತರದಲ್ಲಿ ಶಾಸಕರು. 2023 ಬಂತು. ಈ ಸಲ ಟಿಕೆಟ್ ಮೆಟಗುಡ್ಡರಿಗೆ. ಪಾಟೀಲರು ಪಕ್ಷೇತರ! ಮತ್ತೆ ಕೌಜಲಗಿ ಗೆದ್ದರು, ಅಂತರ ಮೂರು ಸಾವಿರಕ್ಕೂ ಕಡಿಮೆ.

ಇಲ್ಲಿ ಒಂದು ವಿಷಯ ಬೇರೆ ಇಡಬೇಕು. ಕೌಜಲಗಿಯವರು ನ್ಯಾಯವಾಗಿಯೇ ಗೆದ್ದರು, ಅದರಲ್ಲಿ ಅನುಮಾನ ಇಲ್ಲ. ನಮ್ಮ ಕಾನೂನಿನಲ್ಲಿ ಹೆಚ್ಚು ಮತ ಪಡೆದವರೇ ಗೆದ್ದವರು. ನಾನು ಕೇಳ್ತಿರೋದು ಬೇರೆ. ಬೈಲಹೊಂಗಲದ ಬಿಜೆಪಿ ಬೆಂಬಲಿಗರಿಗೆ ಮೆಟಗುಡ್ಡ ಬೇಕಿತ್ತೋ ಪಾಟೀಲರು ಬೇಕಿತ್ತೋ? ಇದು ಎರಡು ಚುನಾವಣೆ ಪೂರ್ತಿ ಇತ್ಯರ್ಥ ಆಗದೆ ಉಳಿದ ಪ್ರಶ್ನೆ. ಅದನ್ನು ಅವರಿಗೆ ಮೊದಲೇ ಕೇಳುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಅವರು ಆ ಉತ್ತರವನ್ನು ಸಾರ್ವತ್ರಿಕ ಚುನಾವಣೆಯ ದಿನವೇ, ಇವಿಎಂನಲ್ಲೇ ಕೊಟ್ಟರು. ನನ್ನ ಪ್ರಕಾರ ಬೈಲಹೊಂಗಲದಲ್ಲಿ ಪ್ರೈಮರಿ ನಡೆದೇ ಇದೆ. ನಡೆಯಬಾರದ ದಿನ ನಡೆದಿದೆ, ಅಷ್ಟೇ.

ಮಿಷಿಗನ್‌ನಲ್ಲಿ ಇದಕ್ಕೊಂದು ಬೀಗ ಹಾಕಿದ್ದಾರೆ. ಒಂದು ಪಕ್ಷದ ಪ್ರೈಮರಿಯಲ್ಲಿ ಹೆಸರು ಇಟ್ಟು ಸೋತವರು ಅದೇ ವರ್ಷ ಬೇರೆ ಪಕ್ಷದ ಹೆಸರಲ್ಲಿ ನವೆಂಬರ್ ಮತಪತ್ರಕ್ಕೆ ಬರುವಂತಿಲ್ಲ. ಎಷ್ಟು ಬಿಗಿ ಅಂದರೆ, 2012ರಲ್ಲಿ ಗ್ಯಾರಿ ಜಾನ್ಸನ್ ಅನ್ನೋರು ರಿಪಬ್ಲಿಕನ್ ಪ್ರೈಮರಿಯಿಂದ ಹೆಸರು ವಾಪಸ್ ತಗೊಳ್ಳುವ ಪತ್ರ ಗಡುವು ಮುಗಿದ ಮೂರು ನಿಮಿಷಕ್ಕೆ ತಲುಪಿತು. ಆಮೇಲೆ ಅವರು ಲಿಬರ್ಟೇರಿಯನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಆದರೂ ಮಿಷಿಗನ್ ಮತಪತ್ರದಲ್ಲಿ ಅವರ ಹೆಸರು ಬರಲೇ ಇಲ್ಲ. ಮೂರು ನಿಮಿಷ!

ನಮ್ಮಲ್ಲೂ ಗಡಿಯಾರ ನೋಡೋ ದಿನ ಒಂದಿದೆ. ನಾಮಪತ್ರದ ಕೊನೇ ದಿನ, ಮಧ್ಯಾಹ್ನ 3 ಗಂಟೆ. ಅಷ್ಟರೊಳಗೆ ಪಕ್ಷದ ಬಿ-ಫಾರಂ ಚುನಾವಣಾಧಿಕಾರಿ ಕೈ ಸೇರಬೇಕು. ಪಕ್ಷದಲ್ಲಿ ಯಾರಿಗೆ ಸಹಿ ಮಾಡುವ ಅಧಿಕಾರ ಇದೆ ಅಂತ ಹೇಳೋದು ಎ-ಫಾರಂ. ಅವರು ಇಂಥವರೇ ನಮ್ಮ ಅಭ್ಯರ್ಥಿ ಅಂತ ಸಹಿ ಮಾಡಿ ಕೊಡೋದು ಬಿ-ಫಾರಂ. ಅದು ಇದ್ದರೆ ಕಮಲ, ಕೈ, ಹೊರೆ ಹೊತ್ತ ಮಹಿಳೆ, ಆ ಚಿಹ್ನೆ ನಿಮ್ಮದು. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಸೂಚಕರು ಬೇಕು. ಒಂದು ಹಾಳೆ, ಒಂದು ಸಹಿ. ಎರಡು ಲಕ್ಷ ಮತದಾರರ ಮುಂದೆ ಇರುವ ಆಯ್ಕೆ ಅಲ್ಲಿಗೆ ಅರ್ಧ ಮುಗಿದಿರ್ತದೆ.

ಆ ಸಹಿಗೆ ಮುಂಚೆ ಏನು ನಡೀತದೆ? ಪಕ್ಷಕ್ಕೊಂದು ರೀತಿ. 2023ರ ಚುನಾವಣೆಗೆ ಕಾಂಗ್ರೆಸ್ ಅರ್ಜಿ ಕರೆದಾಗ ಅರ್ಜಿಗೆ 5,000 ರೂಪಾಯಿ, ಅದರ ಜೊತೆ ಸಾಮಾನ್ಯ ವರ್ಗದವರು 2 ಲಕ್ಷದ ಡಿಡಿ, ಪರಿಶಿಷ್ಟರು 1 ಲಕ್ಷದ ಡಿಡಿ ಕೊಡಬೇಕಿತ್ತು. ಸರ್ಕಾರಕ್ಕೆ ಕಟ್ಟುವ ಠೇವಣಿಯೇ ವಿಧಾನಸಭೆಗೆ 10,000 ರೂಪಾಯಿ. ಅಂದರೆ ಪಕ್ಷದ ಬಾಗಿಲು ಬಡಿಯೋದು ಚುನಾವಣಾ ಆಯೋಗದ ಬಾಗಿಲಿಗಿಂತ ಇಪ್ಪತ್ತು ಪಟ್ಟು ದುಬಾರಿ. ಬಿಜೆಪಿ ಬೇರೆ ದಾರಿ ಹಿಡಿಯಿತು: 2023ರ ಮಾರ್ಚ್ 31ಕ್ಕೆ ಕ್ಷೇತ್ರವಾರು ಪಕ್ಷದ ಪದಾಧಿಕಾರಿಗಳನ್ನು ಕರೆಸಿ, ಚೀಟಿಯಲ್ಲಿ ಹೆಸರು ಬರೆಸಿ ಪೆಟ್ಟಿಗೆಗೆ ಹಾಕಿಸಿತು. ಕೇಳಲು ಪ್ರೈಮರಿಯ ತಮ್ಮನ ಹಾಗೇ ಇದೆ. ಆದರೆ ಮತ ಹಾಕಿದವರು ಪದಾಧಿಕಾರಿಗಳು, ಊರಿನ ಮತದಾರರಲ್ಲ. ಮತ್ತೆ ಅದು ಅಭಿಪ್ರಾಯ ಮಾತ್ರ, ಕೊನೇ ಮಾತು ದೆಹಲಿಯದ್ದು.

ದೆಹಲಿಯ ಮಾತು ಏಪ್ರಿಲ್ 11ಕ್ಕೆ ಬಂತು. 189 ಹೆಸರು, ಅದರಲ್ಲಿ 52 ಹೊಸ ಮುಖ. ರಾಮದುರ್ಗದಲ್ಲಿ ಹಾಲಿ ಶಾಸಕ ಮಹಾದೇವಪ್ಪ ಯಾದವಾಡ ಅವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ, ಚಿಕ್ಕರೇವಣ್ಣ ಅವರ ಹೆಸರಿತ್ತು. ಯಾದವಾಡರ ಬೆಂಬಲಿಗರು ಬೀದಿಗೆ ಬಂದರು, "ಹೊರಗಿನವರು ಯಾಕೆ?" ಅನ್ನೋ ಪ್ರಶ್ನೆ ಎದ್ದಿತು. ಮೇ 13ರ ಎಣಿಕೆಯಲ್ಲಿ ಕಾಂಗ್ರೆಸ್ಸಿನ ಅಶೋಕ ಪಟ್ಟಣ ಗೆದ್ದರು. ಅದೇ ಪಟ್ಟಿಯಲ್ಲಿ ಅಥಣಿಯ ಲಕ್ಷ್ಮಣ ಸವದಿ ಅವರಿಗೂ ಟಿಕೆಟ್ ತಪ್ಪಿತ್ತು. ಅವರು ಕಾಂಗ್ರೆಸ್ಸಿಗೆ ಹೋಗಿ ಅಲ್ಲಿಂದ ಗೆದ್ದು ಬಂದರು.

ಸವದತ್ತಿದು ಬೇರೆ ತರ. 2018ರಲ್ಲಿ ಬಿಜೆಪಿಯ ಆನಂದ ಮಾಮನಿ ಗೆದ್ದಾಗ ಎರಡನೇ ಸ್ಥಾನದಲ್ಲಿ ಪಕ್ಷೇತರ ಆನಂದ ಚೋಪ್ರಾ, ಮೂರನೇ ಸ್ಥಾನದಲ್ಲಿ ಕಾಂಗ್ರೆಸ್ಸಿನ ವಿಶ್ವಾಸ ವೈದ್ಯ. ಉಪಸಭಾಧ್ಯಕ್ಷರಾಗಿದ್ದ ಮಾಮನಿ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮರು ವರ್ಷ ಬಿಜೆಪಿ ಟಿಕೆಟ್ ಅವರ ಪತ್ನಿ ರತ್ನಾ ಮಾಮನಿ ಅವರಿಗೆ, ಗೆದ್ದವರು ವಿಶ್ವಾಸ ವೈದ್ಯ. ಮೂರನೇ ಸ್ಥಾನದವರ ಮೇಲೆ ಪಕ್ಷ ಮತ್ತೆ ನಂಬಿಕೆ ಇಟ್ಟಿದ್ದು ಇಲ್ಲಿ ಕೈ ಹಿಡಿಯಿತು. ಹಾಗಾಗಿ ಹೈಕಮಾಂಡ್ ಯಾವಾಗಲೂ ತಪ್ಪೇ ಮಾಡ್ತದೆ ಅಂತ ನಾನು ಹೇಳೋದಿಲ್ಲ. ಕಿತ್ತೂರಿನಲ್ಲಿ 2018ರ ಕಾಂಗ್ರೆಸ್ ಅಭ್ಯರ್ಥಿ ಮಾಜಿ ಸಚಿವ ಡಿ.ಬಿ. ಇನಾಮದಾರ್. 2023ರಲ್ಲಿ ಟಿಕೆಟ್ ಬಾಬಾಸಾಹೇಬ ಪಾಟೀಲರಿಗೆ ಬಂತು, ಅವರು ಬಿಜೆಪಿಯ ಮಹಾಂತೇಶ ದೊಡ್ಡಗೌಡರ ಅವರನ್ನು ಸೋಲಿಸಿದರು.

ಕಿತ್ತೂರಿನ ಹೆಸರು ಬಂದಮೇಲೆ ಒಂದು ಮಾತು ಬಾಯಿಗೆ ಬರ್ತದೆ, ಹೇಳಿಬಿಡ್ತೀನಿ. 1824ರ ಜಗಳ ಏನಿತ್ತು? ಸಂಸ್ಥಾನಕ್ಕೆ ದತ್ತು ತಗೊಂಡ ವಾರಸುದಾರನನ್ನು ಒಪ್ಪೋದು ಬಿಡೋದು ನಮ್ಮ ಕೈಯಲ್ಲಿದೆ ಅಂತ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಡೆಯವರು ಹೇಳಿದರು, ರಾಣಿ ಚೆನ್ನಮ್ಮ ಒಪ್ಪಲಿಲ್ಲ. ಅದಕ್ಕೂ ಇದಕ್ಕೂ ಹೋಲಿಕೆ ಪೂರ್ತಿ ಕೂಡೋದಿಲ್ಲ, ಗೊತ್ತು. ಆದರೂ ನಮ್ಮೂರಿಗೆ ಯಾರು ಅನ್ನೋದನ್ನ ದೂರದಲ್ಲಿ ಕುಂತವರು ಹೇಳಿದಾಗ ಈ ಭಾಗದ ಮಂದಿಗೆ ಸಿಟ್ಟು ಬರೋದು ಇವತ್ತಿನದಲ್ಲ.

ಲೋಕಸಭೆಯಲ್ಲಿ ಈ ದೂರ ಇನ್ನೂ ಹೆಚ್ಚು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಸೇರ್ತಾವೆ. ಕಿತ್ತೂರು ಮಾತ್ರ ಖಾನಾಪುರದ ಜೊತೆ ಘಟ್ಟದಾಚೆಯ ಉತ್ತರ ಕನ್ನಡಕ್ಕೆ. 2024ರಲ್ಲಿ ಬೆಳಗಾವಿಗೆ ಬಿಜೆಪಿ ಕಳಿಸಿದ್ದು ಹುಬ್ಬಳ್ಳಿಯ ಜಗದೀಶ ಶೆಟ್ಟರ್ ಅವರನ್ನ. ಒಂದು ವರ್ಷದ ಹಿಂದೆ ಇದೇ ಟಿಕೆಟ್ ಸಿಟ್ಟಿನಿಂದ ಕಾಂಗ್ರೆಸ್ಸಿಗೆ ಹೋಗಿ ಸೋತು, ವಾಪಸ್ ಬಂದವರು. ಕಾಂಗ್ರೆಸ್ ಟಿಕೆಟ್ ಸಚಿವೆ ಲಕ್ಷ್ಮಿ ಹೆಬ್ಬಾಳಕರ ಅವರ ಮಗ ಮೃಣಾಲ್ ಅವರಿಗೆ. "ಗೋ ಬ್ಯಾಕ್ ಶೆಟ್ಟರ್" ಅಂತ ಬಿಜೆಪಿಯವರೇ ಸೋಷಿಯಲ್ ಮೀಡಿಯಾದಲ್ಲಿ ಹಾಕಿದರು. ಆದರೂ ಶೆಟ್ಟರ್ ಗೆದ್ದರು. ಅಲ್ಲಿ ಬಂಡಾಯ ನಿಲ್ಲಲಿಲ್ಲ, ಮತ ಒಡೆಯಲಿಲ್ಲ.

ಹಾಗಾದರೆ ನಮ್ಮ ದೇಶದಲ್ಲಿ ಯಾರೂ ಪ್ರೈಮರಿ ಮಾಡಿಯೇ ಇಲ್ಲವೇ? ಮಾಡಿದ್ದಾರೆ, ಅದೂ ಕರ್ನಾಟಕದಲ್ಲಿ. 2014ರ ಲೋಕಸಭಾ ಚುನಾವಣೆಗೆ ರಾಹುಲ್ ಗಾಂಧಿ ದೇಶದ ಹದಿನೈದರ ಆಸುಪಾಸು ಕ್ಷೇತ್ರಗಳಲ್ಲಿ ಇದನ್ನು ಪ್ರಯೋಗ ಮಾಡಿದರು. ನಮ್ಮಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಪಕ್ಷದ ಪದಾಧಿಕಾರಿಗಳು ಮತ ಹಾಕಿ ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಅವರನ್ನ, ಮಂಗಳೂರು ಕಡೆ ಜನಾರ್ದನ ಪೂಜಾರಿ ಅವರನ್ನ ಆರಿಸಿದರು. ಚುನಾವಣೆಯಲ್ಲಿ ಇಬ್ಬರೂ ಸೋತರು, ಗೆದ್ದವರು ಬಿಜೆಪಿಯ ಡಿ.ವಿ. ಸದಾನಂದ ಗೌಡ ಮತ್ತು ನಳಿನ್ ಕುಮಾರ್ ಕಟೀಲ್. ಆಮೇಲೆ ಆ ಪ್ರಯೋಗದ ಸುದ್ದಿಯೇ ಇಲ್ಲ. ನನಗನಿಸೋದು, ಅದು ಸೋತದ್ದಕ್ಕೆ ಪ್ರೈಮರಿ ಕಾರಣ ಅಲ್ಲ, ಆ ವರ್ಷ ದೇಶದ ತುಂಬ ಕಾಂಗ್ರೆಸ್ ಮಕಾಡೆ ಬಿದ್ದಿತ್ತು. ಆದರೆ ಸೋತ ಎತ್ತಿಗೆ ಯಾರು ಮೇವು ಹಾಕ್ತಾರೆ?

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು, ಅಣ್ಣಾ, ಹಂಗಾದ್ರ ಮಿಷಿಗನ್ ಪದ್ಧತಿನೇ ತರೋಣ? ಇಲ್ಲಿ ನಾನು ಸ್ವಲ್ಪ ಹಿಂದೆ ಮುಂದೆ ನೋಡ್ತೀನಿ. ದುಡ್ಡಿರೋರಿಗೆ ಪ್ರೈಮರಿ ಸಲೀಸು, ಥಾಣೇದಾರ್ ಅವರ ಕಥೆಯೇ ಅದನ್ನ ಹೇಳ್ತದೆ. ನಮ್ಮಲ್ಲಿ ಒಂದು ಚುನಾವಣೆಗೆ ಹಂಚುವ ಕುಕ್ಕರ್, ಸೀರೆ ಸಾಲದು ಅಂತ ಇನ್ನೊಂದು ಚುನಾವಣೆ ಇಟ್ಟರೆ? ಒಂಬತ್ತು ಜನರಲ್ಲಿ ಶೇ 28 ಪಡೆದವರು ಅಭ್ಯರ್ಥಿ ಆದರೆ ಮತ ಹಂಚಿಕೆಯ ರೋಗ ಹೋಗಲಿಲ್ಲ, ಒಂದು ಮೆಟ್ಟಿಲು ಕೆಳಗೆ ಇಳಿಯಿತು ಅಷ್ಟೇ. 1972ರ ಮಿಷಿಗನ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗೆದ್ದವರು ಜಾರ್ಜ್ ವ್ಯಾಲೇಸ್, ಕರಿಯರು ಬಿಳಿಯರು ಒಂದೇ ಶಾಲೆಯಲ್ಲಿ ಕೂಡಬಾರದು ಅಂತ ಹಟ ಹಿಡಿದು ಹೆಸರು ಮಾಡಿದ ಮನುಷ್ಯ. ಜಾತಿ ಲೆಕ್ಕದ ನಮ್ಮ ಊರುಗಳಲ್ಲಿ ಸಣ್ಣ ಸಮುದಾಯದ ಅಭ್ಯರ್ಥಿ ಪ್ರೈಮರಿ ದಾಟೋದು ಇನ್ನೂ ಕಷ್ಟ ಆಗಬಹುದು. ಮತ್ತೆ ಆವಾಗಲೇ ಹೇಳಿದ್ದೆನಲ್ಲ, ಯಾವ ಪಕ್ಷದ ಚೀಟಿ ತಗೊಂಡೆ ಅನ್ನೋದು ಊರಿಗೆಲ್ಲ ತಿಳಿಯೋ ಮಾತು. ಕೂಲಿ ಕೆಲಸಕ್ಕೆ ಗೌಡರ ಹೊಲಕ್ಕೇ ಹೋಗಬೇಕಾದವರಿಗೆ ಅದು ಅಪಾಯವೇ.

ಆದರೂ ಇದ್ದ ಹಾಗೇ ಇರಲಿ ಅನ್ನೋದಕ್ಕೆ ನನ್ನ ಮನಸ್ಸು ಒಪ್ಪೋದಿಲ್ಲ. ಪೂರ್ತಿ ಮಿಷಿಗನ್ ಬೇಡ. ಪಕ್ಷದ ನೋಂದಾಯಿತ ಸದಸ್ಯರು, ಬರೀ ಪದಾಧಿಕಾರಿಗಳಲ್ಲ, ತಾಲೂಕಿನಲ್ಲೇ ಗುಪ್ತವಾಗಿ ಮತ ಹಾಕಲಿ. ಎಣಿಕೆ ಅಲ್ಲೇ, ಆಕಾಂಕ್ಷಿಗಳ ಎದುರಿಗೇ ಆಗಲಿ, ಅಂಕಿ ಗೋಡೆಗೆ ಅಂಟಿಸಲಿ. ಸೋತ ಆಕಾಂಕ್ಷಿಗೆ "ನಿಮಗೆ ಇಷ್ಟು ಬಿತ್ತು, ಅವರಿಗೆ ಇಷ್ಟು" ಅಂತ ತೋರಿಸಿದರೆ ಬಂಡಾಯ ಏಳೋಕೆ ಅವರಿಗೂ ಮುಖ ಇರೋದಿಲ್ಲ. ದೆಹಲಿ ಆ ಅಂಕಿ ಬಿಟ್ಟು ಬೇರೆಯವರಿಗೆ ಕೊಟ್ಟರೆ ಯಾಕೆ ಅಂತ ಕೇಳೋಕೆ ನಮ್ಮ ಕೈಯಲ್ಲೂ ಒಂದು ಹಾಳೆ ಇರ್ತದೆ. ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಅಭ್ಯರ್ಥಿಯನ್ನ ಹೇಗೆ ಆರಿಸಬೇಕು ಅಂತ ನಮ್ಮ ಪ್ರಜಾಪ್ರತಿನಿಧಿ ಕಾಯ್ದೆ ಪಕ್ಷಗಳಿಗೆ ಹೇಳೋದೇ ಇಲ್ಲ, ಹಾಗಾಗಿ ಮಾಡ್ತೀವಿ ಅಂದರೆ ತಡೆಯೋರೂ ಇಲ್ಲ.

ಮುಂದಿನ ವಿಧಾನಸಭಾ ಚುನಾವಣೆ 2028ರ ಬೇಸಿಗೆಗೆ. ಕಳೆದ ಸಲದ ಹಾಗೇ ಆದರೆ ಟಿಕೆಟ್ ಅರ್ಜಿ ಕರೆಯೋದು ಅದಕ್ಕೂ ಐದಾರು ತಿಂಗಳು ಮುಂಚೆ. ನಿಮ್ಮಲ್ಲಿ ಯಾರಾದರೂ ಯಾವುದಾದರೂ ಪಕ್ಷದ ಸದಸ್ಯತ್ವ ಮಿಸ್ಡ್ ಕಾಲ್‌ನಲ್ಲೋ ಆ್ಯಪ್‌ನಲ್ಲೋ ತಗೊಂಡಿದ್ದರೆ, ನಿಮ್ಮ ತಾಲೂಕಿನ ಅಧ್ಯಕ್ಷರಿಗೆ ಒಂದು ಪ್ರಶ್ನೆ ಕೇಳ್ರಿ: "ಸರ್, ನಾನು ಸದಸ್ಯ ಅಂತೀರಲ್ಲ, ಟಿಕೆಟ್ ಯಾರಿಗೆ ಅನ್ನೋದರಲ್ಲಿ ನನಗೆಷ್ಟು ವೋಟ್?" ಅವರು ಏನಂದ್ರು ಅಂತ ವಾಯ್ಸ್ ನೋಟ್ ಮಾಡಿ ಕಳಿಸ್ರಿ. ನಿಮ್ಮ ಹೆಸರು, ಅವರ ಹೆಸರು ಹೇಳೋದಿಲ್ಲ, ತಾಲೂಕಿನ ಹೆಸರಷ್ಟೇ ಹೇಳಿ ಕೇಳಿಸ್ತೀನಿ.